ಒಬ್ಬರೇ ಊರು ನೋಡಲು ಹೊರಡುವ ಮಹಿಳೆಯರಿಗೆ: ಮೈಸೂರು, ಮಂಡ್ಯದಿಂದ ಹಂತ ಹಂತವಾಗಿ

ಮೈಸೂರು ಮತ್ತು ಮಂಡ್ಯದ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಮತ್ತೆ ಮತ್ತೆ ಕೇಳುತ್ತಿರುತ್ತಾರೆ: ಜೊತೆಗೆ ಯಾರೂ ಇಲ್ಲದೆ ನಾನೊಬ್ಬಳೇ ಊರು ನೋಡಲು ಹೋಗಬಹುದೇ, ಹೋಗುವುದಾದರೆ ಎಲ್ಲಿಂದ ಶುರು ಮಾಡಬೇಕು? ಕೇಳುವವರಲ್ಲಿ ಕಾಲೇಜು ಮುಗಿಸಿದ ಯುವತಿಯರಿದ್ದಾರೆ, ಮಕ್ಕಳನ್ನು ಓದಿಸಿ ದಡ ಸೇರಿಸಿದ ಗೃಹಿಣಿಯರಿದ್ದಾರೆ, ನಿವೃತ್ತ ಶಿಕ್ಷಕಿಯರೂ ಇದ್ದಾರೆ. ಇವರೆಲ್ಲ ತವರಿಗೆ, ಕೆಲಸಕ್ಕೆ, ಆಸ್ಪತ್ರೆಗೆ, ಮದುವೆಮನೆಗೆ ಒಬ್ಬರೇ ಹೋಗಿ ಬಂದವರೇ. ಆದರೆ ಆ ಪ್ರಯಾಣಗಳಿಗೆ ಮನೆಯವರು ಒಪ್ಪುವ ಒಂದು ಕಾರಣವಿತ್ತು, ಅಲ್ಲಿ ಬಸ್ಸಿಳಿದರೆ ಕಾಯುತ್ತಿದ್ದವರೂ ಇದ್ದರು. ಯಾರೂ ಕಾಯದ ಊರಿಗೆ, ತನ್ನ ಇಷ್ಟ ಒಂದನ್ನೇ ನೆಪವಾಗಿಟ್ಟುಕೊಂಡು ಹೋಗುವಾಗ ಕಾಲು ಹಿಂಜರಿಯುವುದು ಸಹಜ.

ಈ ಹಿಂಜರಿಕೆಯನ್ನು ದಾಟಲು ನಾನು ಎಲ್ಲರಿಗೂ ಸೂಚಿಸುವ ಕ್ರಮ ಒಂದೇ: ಒಂದು ಹಂತದಲ್ಲಿ ಒಂದೇ ಹೊಸ ಕಷ್ಟವನ್ನು ಸೇರಿಸಿಕೊಳ್ಳಿ. ಮೊದಲ ಸಲವೇ ಗೊತ್ತಿಲ್ಲದ ಊರು, ರಾತ್ರಿಯ ರೈಲು, ಲಾಡ್ಜಿನ ಕೋಣೆ ಎಲ್ಲವನ್ನೂ ಒಟ್ಟಿಗೆ ಎದುರಿಸಲು ಹೋದವರು ಬಳಲಿ ಬಂದು, ಇದು ನನ್ನಿಂದಾಗದು ಎಂದು ಕೈಬಿಡುವುದನ್ನು ಕಂಡಿದ್ದೇನೆ. ಕೆಳಗಿನ ಹಂತಗಳನ್ನು ಅದೇ ಲೆಕ್ಕದಲ್ಲಿ ಜೋಡಿಸಿದ್ದೇನೆ. ನಿಮಗೆ ಈಗಾಗಲೇ ರೂಢಿಯಾಗಿರುವುದನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು.

ಮೊದಲು ಬೇಕಾದ ವಸ್ತುಗಳು

ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಎಲ್ಲಕ್ಕಿಂತ ಮುಖ್ಯ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸರ್ಕಾರಿ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದು; ರಾಜಹಂಸ, ಐರಾವತ, ಸ್ಲೀಪರ್ ಹಾಗೂ ಎಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಹಣ ಕೊಡುವುದಿಲ್ಲವೆಂದು ಟಿಕೆಟ್ ತೆಗೆದುಕೊಳ್ಳದೆ ಕೂರಬೇಡಿ. ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದು ಇಳಿಯುವವರೆಗೂ ಜೋಪಾನವಾಗಿಡಿ, ತಪಾಸಣೆಯವರು ಹತ್ತಿದಾಗ ಅದನ್ನೇ ಕೇಳುತ್ತಾರೆ.

ಇದರ ಜೊತೆಗೆ ಮಾಸ್ಕ್ಡ್ ಆಧಾರ್‌ನ ಒಂದೆರಡು ಪ್ರತಿಗಳಿರಲಿ. ಮಾಸ್ಕ್ಡ್ ಆಧಾರ್ ಎಂದರೆ ಹನ್ನೆರಡು ಅಂಕಿಗಳಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುವ ಪ್ರತಿ. ಆಧಾರ್ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಲಾಡ್ಜಿನವರು ಜೆರಾಕ್ಸ್ ಕೇಳಿದಾಗ ಇದನ್ನು ಕೊಟ್ಟು, ಅದರ ಮೇಲೆ ದಿನಾಂಕವನ್ನೂ ‘ಕೋಣೆ ಬಾಡಿಗೆಗೆ ಮಾತ್ರ’ ಎಂಬ ಮಾತನ್ನೂ ನಿಮ್ಮ ಕೈಯಿಂದಲೇ ಬರೆಯಿರಿ.

ಹಣವನ್ನು ಎರಡು ಕಡೆ ಇಡಿ: ದಿನದ ಖರ್ಚು ಪರ್ಸಿನಲ್ಲಿ, ಊರಿಗೆ ಮರಳುವಷ್ಟು ನಗದು ಬೇರೆಡೆ. ಫೋನ್‌ಪೇ, ಗೂಗಲ್ ಪೇ ಇದೆಯೆಂದು ನಗದಿಲ್ಲದೆ ಹೊರಟರೆ ಫೋನಿನ ಚಾರ್ಜ್ ಮುಗಿದ ಕ್ಷಣದಲ್ಲಿ ಹಣವೂ ಮುಗಿದಂತೆಯೇ. ಉಳಿತಾಯವೆಲ್ಲ ಇರುವ ಖಾತೆಯನ್ನು ಯುಪಿಐಗೆ ಜೋಡಿಸುವ ಬದಲು ಸಣ್ಣ ಮೊತ್ತದ ಬೇರೊಂದು ಖಾತೆಯನ್ನು ಜೋಡಿಸುವುದು ಒಳ್ಳೆಯದು. ಪವರ್ ಬ್ಯಾಂಕ್, ಟಾರ್ಚ್, ನೀರಿನ ಬಾಟಲಿ, ನಿತ್ಯದ ಮಾತ್ರೆಗಳು, ಒಆರ್‌ಎಸ್ ಪೊಟ್ಟಣ ಮತ್ತು ಮುಟ್ಟಿನ ದಿನವಲ್ಲದಿದ್ದರೂ ಪ್ಯಾಡ್ ಇರಲಿ. ಮನೆಯವರ ಮೂರು ಫೋನ್ ನಂಬರುಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಏಕೆಂದರೆ ಇಂದು ನಮ್ಮಲ್ಲಿ ಯಾರಿಗೂ ನಂಬರುಗಳು ಬಾಯಿಗೆ ಬರುವುದಿಲ್ಲ. ಬ್ಯಾಗಿನ ತೂಕಕ್ಕೆ ಒಂದೇ ಅಳತೆ: ಅದನ್ನು ಹೆಗಲಿಗೇರಿಸಿಕೊಂಡು ರೈಲು ನಿಲ್ದಾಣದ ಮೆಟ್ಟಿಲನ್ನು ಯಾರ ನೆರವೂ ಇಲ್ಲದೆ ಹತ್ತಲು ನಿಮಗೆ ಸಾಧ್ಯವಾಗಬೇಕು.

1. ಮನೆಯವರ ಜೊತೆ ಮಾತು

ನಿಜವಾದ ಮೊದಲ ಹಂತ ಬಸ್ ನಿಲ್ದಾಣದಲ್ಲಿಲ್ಲ, ಅಡುಗೆಮನೆಯಲ್ಲಿದೆ. “ಒಬ್ಳೇ ಯಾಕವ್ವ ಹೋಗ್ಬೇಕು, ತಮ್ಮನ್ನ ಜೊತೇಲಿ ಕರ್ಕೊಂಡೋಗು” ಎಂದು ತಾಯಿಯೋ ಅತ್ತೆಯೋ ಹೇಳುವುದು ಅಕ್ಕರೆಯಿಂದ. ಅದನ್ನು ವಾದದಿಂದ ಗೆಲ್ಲಲು ಹೋದರೆ ಹೊರಡುವ ದಿನವೇ ಮನಸ್ಸು ಕಹಿಯಾಗುತ್ತದೆ. ಒಂದು ಹಾಳೆಯಲ್ಲಿ ಯಾವ ಬಸ್ಸು, ಎಷ್ಟು ಹೊತ್ತಿಗೆ ತಲುಪುವುದು, ಎಲ್ಲಿ ಊಟ, ಯಾವ ಬಸ್ಸಿಗೆ ವಾಪಸು, ತಪ್ಪಿದರೆ ಮುಂದಿನದು ಯಾವುದು ಎಂದು ಬರೆದು ಅವರ ಕೈಗೆ ಕೊಡಿ. ಆತಂಕ ಹುಟ್ಟುವುದು ಹೆಚ್ಚಾಗಿ ಏನೂ ತಿಳಿಯದಿದ್ದಾಗ, ಬರೆದದ್ದು ಕಣ್ಣೆದುರಿದ್ದರೆ ಅದು ಅರ್ಧ ಇಳಿಯುತ್ತದೆ. ಹೇಳದೆ ಹೋಗಿ ಬಂದು ಆಮೇಲೆ ಹೇಳುವ ದಾರಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ, ಏಕೆಂದರೆ ನೀವು ಎಲ್ಲಿದ್ದೀರೆಂದು ಒಬ್ಬರಿಗಾದರೂ ತಿಳಿದಿರುವುದೇ ನಿಮ್ಮ ಸುರಕ್ಷತೆಯ ಬುನಾದಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಗಂಟೆಗೊಮ್ಮೆ ಫೋನ್ ಮಾಡುತ್ತೇನೆಂದು ಮಾತು ಕೊಡಬೇಡಿ. ನೆಟ್‌ವರ್ಕ್ ಇಲ್ಲದ ಕಡೆ ಒಂದು ಕರೆ ತಪ್ಪಿದರೂ ಮನೆಯಲ್ಲಿ ಗಾಬರಿ, ನಿಮಗೂ ನೆಮ್ಮದಿಯಿಲ್ಲ. ಸಂಪರ್ಕಕ್ಕೆ ಒಬ್ಬರನ್ನು ಗೊತ್ತುಮಾಡಿ, ತಲುಪಿದಾಗ ಮತ್ತು ಸಂಜೆ ಹೀಗೆ ಎರಡು ಹೊತ್ತು ನಿಗದಿಮಾಡಿ, ಆ ಹೊತ್ತು ಮೀರಿ ಒಂದು ತಾಸು ಕಳೆದರೂ ಸುದ್ದಿ ಬಾರದಿದ್ದರೆ ಅವರು ಯಾರಿಗೆ ಕರೆ ಮಾಡಬೇಕೆಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ವಾಟ್ಸಾಪಿನ ಲೈವ್ ಲೊಕೇಶನ್, ಅಂದರೆ ನೀವು ಸಾಗುತ್ತಿರುವ ಜಾಗವನ್ನು ಇನ್ನೊಬ್ಬರಿಗೆ ನಕ್ಷೆಯಲ್ಲಿ ತೋರಿಸುವ ಸೌಲಭ್ಯ, ಒಮ್ಮೆ ಹಾಕಿದರೆ ಗರಿಷ್ಠ 8 ಗಂಟೆ ನಡೆಯುತ್ತದೆ. ಅದನ್ನು ಆ ಒಬ್ಬರಿಗೆ ಮಾತ್ರ ಕಳಿಸಿ. ಬಂಧುಗಳ ಗುಂಪಿಗೆ ಹಾಕಬೇಡಿ.

2. ಅರ್ಧ ದಿನ: ಶ್ರೀರಂಗಪಟ್ಟಣ

ಈ ಹಂತದಲ್ಲಿ ಹೊಸತೆಂದರೆ ಒಬ್ಬರೇ ಇರುವುದು ಮಾತ್ರ. ಮೈಸೂರಿನಿಂದ ಸುಮಾರು 15 ಕಿಲೋಮೀಟರ್ ದೂರದ ಶ್ರೀರಂಗಪಟ್ಟಣಕ್ಕೆ ಎರಡೂ ಊರಿನಿಂದ ಬಸ್ಸುಗಳಿಗೆ ಕೊರತೆಯಿಲ್ಲ, ರೈಲೂ ಇದೆ, ರಂಗನಾಥಸ್ವಾಮಿ ದೇವಸ್ಥಾನ ರೈಲು ನಿಲ್ದಾಣಕ್ಕೆ ನಡೆದುಹೋಗುವಷ್ಟು ಹತ್ತಿರವಿದೆ. ಶಾಲೆಯ ಪ್ರವಾಸದಲ್ಲಿ ಓಡೋಡಿ ನೋಡಿದ ದರಿಯಾ ದೌಲತ್‌ನ ಗೋಡೆ ಚಿತ್ರಗಳ ಮುಂದೆ ಈ ಸಲ ಬೇಕಾದಷ್ಟು ಹೊತ್ತು ನಿಲ್ಲಿ. ಆಮೇಲೆ ಹೋಟೆಲಿಗೆ ಹೋಗಿ ಒಬ್ಬರೇ ಕೂತು ಊಟ ಮಾಡಿ. ಇದು ಸಣ್ಣ ಸಂಗತಿಯೆನಿಸಿದರೂ ಅನೇಕರಿಗೆ ಇಡೀ ದಿನದ ಅತಿ ಕಷ್ಟದ ಭಾಗ ಇದೇ. ಪಾರ್ಸೆಲ್ ತೆಗೆದುಕೊಂಡು ಬಸ್ಸಿನಲ್ಲಿ ತಿನ್ನುವ ಆಸೆಯನ್ನು ತಡೆದುಕೊಳ್ಳಿ. ಫೋನನ್ನು ಬ್ಯಾಗಿನಲ್ಲಿಟ್ಟು, ನಿಮಗೆ ಬೇಕಾದದ್ದನ್ನು ಹೇಳಿ, ನಿಧಾನವಾಗಿ ಉಣ್ಣಿ. ಮಕ್ಕಳಿಗೆ ಏನು ಬೇಕು, ಇವರಿಗೆ ಏನು ಇಷ್ಟ ಎಂದು ಯೋಚಿಸದೆ ತಿಂಡಿ ಹೇಳಿ ಎಷ್ಟು ವರ್ಷವಾಯಿತು ಎಂಬುದು ಅನೇಕ ಗೃಹಿಣಿಯರಿಗೆ ಆಗಲೇ ಹೊಳೆಯುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಸಂಗಮದಲ್ಲಾಗಲಿ, ಮುಂದೆ ತಲಕಾಡಿಗೆ ಹೋದಾಗಲಾಗಲಿ, ಒಬ್ಬರೇ ಇರುವಾಗ ಕಾವೇರಿಗೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಾಣುವ ನೀರಿನಡಿ ಸುಳಿ, ಗುಂಡಿ ಇರುತ್ತದೆ, ಕಾಲು ಜಾರಿದರೆ ಕೂಗಿ ಕರೆಯಲು ಜೊತೆಯಲ್ಲಿ ಯಾರೂ ಇರುವುದಿಲ್ಲ. ಮೆಟ್ಟಿಲ ಮೇಲೆ ಕೂತು ಚೊಂಬಿನಲ್ಲಿ ನೀರು ಹಾಕಿಕೊಂಡರೂ ಸ್ನಾನದ ಪುಣ್ಯಕ್ಕೆ ಕೊರತೆಯಾಗದು.

3. ಒಂದು ಪೂರ್ತಿ ದಿನ, ಬಸ್ ಬದಲಿಸಿ: ಸೋಮನಾಥಪುರ

ಈಗ ಸೇರುವ ಹೊಸ ಕಷ್ಟ ದಾರಿಯಲ್ಲಿ ಬಸ್ ಬದಲಿಸುವುದು. ಮೈಸೂರಿನಿಂದ ಬನ್ನೂರಿಗೋ ತಿರುಮಕೂಡಲು ನರಸೀಪುರಕ್ಕೋ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕು. ಮಂಡ್ಯದವರಿಗೂ ಬನ್ನೂರಿನ ದಾರಿಯೇ ಅನುಕೂಲ. ಇಂಥ ಊರುಗಳಿಗೆ ಹೋಗುವಾಗ ಇಳಿದ ಕೂಡಲೇ ಮಾಡಬೇಕಾದ ಕೆಲಸ ಗುಡಿ ನೋಡುವುದಲ್ಲ, ವಾಪಸು ಬಸ್ಸಿನ ಹೊತ್ತನ್ನು ಕೇಳಿಕೊಳ್ಳುವುದು. ಬಂದ ಬಸ್ಸಿನ ಕಂಡಕ್ಟರ್ ಒಬ್ಬರನ್ನು, ನಿಲ್ದಾಣದ ಬಳಿಯ ಅಂಗಡಿಯವರೊಬ್ಬರನ್ನು ಬೇರೆ ಬೇರೆಯಾಗಿ ಕೇಳಿ. ಇಬ್ಬರ ಉತ್ತರವೂ ಹೊಂದಿದರೆ ಸರಿ, ಹೊಂದದಿದ್ದರೆ ಮೊದಲು ಹೊರಡುವುದನ್ನು ನಂಬಿ. ಕೊನೆಯ ಬಸ್ಸಿಗೆ ಕಾಯುವ ಯೋಜನೆಯನ್ನು ಎಂದೂ ಹಾಕಿಕೊಳ್ಳಬೇಡಿ. ಕೊನೆಯದಕ್ಕಿಂತ ಹಿಂದಿನದೇ ನಿಮ್ಮ ಬಸ್ಸು, ಕೊನೆಯದು ಆಪತ್ತಿಗೆ ಮೀಸಲು.

ಒಬ್ಬರೇ ಬಂದದ್ದರ ಲಾಭ ಎಷ್ಟೆಂದು ಕೇಶವ ದೇವಾಲಯದ ಹೊರಗೋಡೆಯ ಮುಂದೆ ನಿಂತರೆ ತಿಳಿಯುತ್ತದೆ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠಾಪಿಸಿದ ಈ ಗುಡಿಯು ಬೇಲೂರು, ಹಳೇಬೀಡುಗಳೊಂದಿಗೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗುಂಪಿನಲ್ಲಿ ಬಂದವರು ಪ್ರದಕ್ಷಿಣೆಯೊಂದನ್ನು ಮುಗಿಸಿ, ಫೋಟೊ ತೆಗೆಸಿಕೊಂಡು, ಊಟದ ಹೊತ್ತಾಯಿತೆಂದು ಹೊರಡುತ್ತಾರೆ. ನಿಮಗೆ ಅವಸರವಿಲ್ಲ. ನಿಂತ ಮೂರ್ತಿಗಳ ಪಾದದ ಕೆಳಗಿನ ಪಟ್ಟಿಯನ್ನು ಬಗ್ಗಿ ನೋಡುತ್ತಾ ಹೋಗಿ: ಹಳಗನ್ನಡ ಲಿಪಿಯಲ್ಲಿ ಕೆತ್ತಿದ ಹೆಸರುಗಳು ಸಿಗುತ್ತವೆ. ಅವುಗಳಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಅಕ್ಷರಗಳು ಸವೆದಿವೆ, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಗೆರೆಗಳು ಎದ್ದು ಕಾಣುತ್ತವೆ, ಒಂದನ್ನು ಗುರುತಿಸಲು ಬಹಳ ಹೊತ್ತು ಹಿಡಿಯಬಹುದು. ಜೊತೆಗಾರರು ಕಾಯುತ್ತಿದ್ದರೆ ನಾವು ಈ ಹೊತ್ತನ್ನು ನಮಗೇ ಕೊಟ್ಟುಕೊಳ್ಳುವುದಿಲ್ಲ. ಇಷ್ಟವಾದದ್ದರ ಮುಂದೆ ಸಂಕೋಚವಿಲ್ಲದೆ ನಿಲ್ಲುವ ಹಕ್ಕನ್ನು ಒಂಟಿ ಪ್ರಯಾಣ ಕೊಡುತ್ತದೆ, ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿಲ್ಲ.

ದಿನವಿಡೀ ಹೊರಗಿರುವಾಗ ಶೌಚಾಲಯದ ಚಿಂತೆಯಿಂದ ನೀರು ಕುಡಿಯದೆ ಇರುವುದು ನಮ್ಮ ಹೆಣ್ಣುಮಕ್ಕಳ ಹಳೆಯ ಅಭ್ಯಾಸ. ಬಿಸಿಲಿನಲ್ಲಿ ಇದರಿಂದ ತಲೆಸುತ್ತು, ಆಮೇಲೆ ಉರಿಮೂತ್ರ ಬರುತ್ತದೆ. ನೀರು ಬಿಡಬೇಡಿ. ಬಸ್ ಬದಲಿಸುವ ದೊಡ್ಡ ನಿಲ್ದಾಣದಲ್ಲಿ, ಊಟದ ಹೋಟೆಲಿನಲ್ಲಿ, ಟಿಕೆಟ್ ಇರುವ ಸ್ಮಾರಕಗಳಲ್ಲಿ, ಅವಸರ ಬರುವ ಮೊದಲೇ ಹೋಗಿಬನ್ನಿ. ಚಿಲ್ಲರೆ ಕಾಸು ಮತ್ತು ಸಾಬೂನಿನ ಸಣ್ಣ ತುಂಡು ಕೈಗೆಟಕುವಲ್ಲಿರಲಿ.

4. ಒಂದು ರಾತ್ರಿ ಹೊರಗೆ: ಬೇಲೂರು, ಹಳೇಬೀಡು

ಇಲ್ಲಿ ಹೊಸತು ಕೋಣೆ. ಆದ್ದರಿಂದ ಪ್ರಯಾಣ ಹಗಲಿನದೇ ಆಗಿರಲಿ. ಬೆಳಗ್ಗೆ ಹೊರಟು ಹಾಸನದಲ್ಲಿ ಬಸ್ ಬದಲಿಸಿದರೆ ಬೇಲೂರನ್ನು ಹಗಲಿರುವಾಗಲೇ ಸೇರಬಹುದು, ಮರುದಿನ ಹಳೇಬೀಡು ನೋಡಿ ಮರಳಬಹುದು. ಕೋಣೆಯನ್ನು ಹೊರಡುವ ಮೊದಲೇ ಗೊತ್ತುಮಾಡಿ, ಜಾಲತಾಣದಲ್ಲಿ ಕಾಯ್ದಿರಿಸಿದ್ದರೂ ಒಮ್ಮೆ ಫೋನ್ ಮಾಡಿ, “ನಾನು ಒಬ್ಬಳೇ ಬರುತ್ತಿದ್ದೇನೆ, ಕೋಣೆ ಕೊಡುತ್ತೀರಲ್ಲವೇ?” ಎಂದು ನೇರವಾಗಿ ಕೇಳಿ. ಒಂಟಿ ಮಹಿಳೆಗೆ ಕೋಣೆ ಕೊಡಬಾರದೆಂಬ ಕಾನೂನು ಎಲ್ಲಿಯೂ ಇಲ್ಲದಿದ್ದರೂ ಕೆಲವು ಲಾಡ್ಜಿನವರು ತಮ್ಮದೇ ನಿಯಮ ಹೇಳಿ ಬಾಗಿಲಲ್ಲೇ ಹಿಂದಕ್ಕೆ ಕಳಿಸುತ್ತಾರೆ. ಕತ್ತಲಾದ ಮೇಲೆ ಅವರೊಂದಿಗೆ ವಾದಿಸುವ ಸ್ಥಿತಿ ನಿಮಗೆ ಬರಬಾರದು. ಮೊದಲ ಸಲಕ್ಕೆ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ‘ಮಯೂರ’ ಹೋಟೆಲುಗಳನ್ನು ವಿಚಾರಿಸಬಹುದು. ಬೇಲೂರಿನಲ್ಲಿ ಮಯೂರ ವೇಲಾಪುರಿ ಇದೆ.

ಕೋಣೆಗೆ ಹೋದ ಕೂಡಲೇ ಬ್ಯಾಗು ಬಿಚ್ಚಬೇಡಿ. ಬಾಗಿಲನ್ನು ಒಳಗಿನಿಂದ ಹಾಕಿ, ಚಿಲಕವನ್ನು ಹಿಡಿದು ಎಳೆದು ನೋಡಿ: ಚಿಲಕ ಕೂರುವ ಕೊಂಡಿಯ ಸ್ಕ್ರೂಗಳು ಸಡಿಲವಾಗಿದ್ದರೆ ಹೊರಗಿನಿಂದ ಒಮ್ಮೆ ದೂಡಿದರೆ ಸಾಕು, ಕಿತ್ತು ಬರುತ್ತದೆ. ಮೊಗಸಾಲೆಯ ಕಡೆಗಿರುವ ಕಿಟಕಿ ಪೂರ್ತಿ ಮುಚ್ಚುತ್ತದೆಯೇ, ಬಚ್ಚಲಿನ ಗಾಳಿಕಿಂಡಿ ಹೊರಗಿನಿಂದ ಕೈಗೆಟಕುವಂತಿದೆಯೇ, ಪಕ್ಕದ ಕೋಣೆಗೆ ಒಳಬಾಗಿಲಿದೆಯೇ ಎಂದು ನೋಡಿ. ದೀಪ ಆರಿಸಿ, ಫೋನಿನ ಟಾರ್ಚನ್ನು ಕನ್ನಡಿ, ಹೊಗೆ ಗುರುತಿಸುವ ಯಂತ್ರ, ಮಂಚದೆದುರಿನ ಪ್ಲಗ್ಗುಗಳ ಮೇಲೆ ಹಾಯಿಸಿ, ಅಡಗಿಸಿಟ್ಟ ಕ್ಯಾಮೆರಾದ ಗಾಜಿನಂತೆ ಮಿನುಗುವ ಚುಕ್ಕೆಯಿದೆಯೇ ಎಂದು ಪರೀಕ್ಷಿಸಿ. ಏನಾದರೂ ಸರಿಯೆನಿಸದಿದ್ದರೆ ಕೋಣೆ ಬದಲಿಸಿ ಎಂದು ಕೇಳಿ. ಸಂಕೋಚಪಟ್ಟು ಒಪ್ಪಿಕೊಂಡ ಕೋಣೆಯಲ್ಲಿ ನಿದ್ದೆ ಬರುವುದಿಲ್ಲ. ನೆಲಮಹಡಿಗಿಂತ ಮೊದಲ ಮಹಡಿ ಮೇಲು. ರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ ತೆಗೆಯದೆ ಕೆಳಗಿನ ಕೌಂಟರಿಗೆ ಫೋನ್ ಮಾಡಿ ಯಾರೆಂದು ವಿಚಾರಿಸಿ.

5. ರಾತ್ರಿಯ ರೈಲು: ಹಂಪಿ

ಮೈಸೂರಿನಿಂದ ಸಂಜೆ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಮಂಡ್ಯ, ಬೆಂಗಳೂರು ದಾಟಿ ಮರುದಿನ ಬೆಳಗ್ಗೆ ಹೊಸಪೇಟೆ ತಲುಪುತ್ತದೆ. ಹಗಲಿನಲ್ಲೇ ಇಳಿಯುವಂತಿರುವುದರಿಂದ ಮೊದಲ ರಾತ್ರಿ ಪ್ರಯಾಣಕ್ಕೆ ಇದು ಹೇಳಿ ಮಾಡಿಸಿದ ರೈಲು.

ಮುಂಗಡ ಬುಕಿಂಗ್ ಪ್ರಯಾಣಕ್ಕೆ 60 ದಿನ ಮೊದಲು ತೆರೆಯುತ್ತದೆ. ದೂರದ ಮೇಲ್, ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್ ದರ್ಜೆಯಲ್ಲಿ ಒಬ್ಬರೇ ಅಥವಾ ಗುಂಪಾಗಿ ಪ್ರಯಾಣಿಸುವ ಮಹಿಳೆಯರಿಗೆಂದು 6 ಬರ್ತುಗಳ ಲೇಡೀಸ್ ಕೋಟಾ ಇರುತ್ತದೆ. ಬುಕ್ ಮಾಡುವಾಗ ಸಾಮಾನ್ಯ ಕೋಟಾದ ಬದಲು ಅದನ್ನು ಆರಿಸಿಕೊಂಡು ನೋಡಿ, ಸಾಮಾನ್ಯದಲ್ಲಿ ವೇಟಿಂಗ್ ತೋರಿಸುವಾಗಲೂ ಅಲ್ಲಿ ಜಾಗವಿರುವುದುಂಟು. 45 ವರ್ಷ ದಾಟಿದ ಮಹಿಳೆಯರಿಗೆ ಕೆಳ ಬರ್ತಿನ ಪ್ರತ್ಯೇಕ ಕೋಟಾವೂ ಇದೆ. ಆರ್‌ಎಸಿ ಎಂದು ಬಂದರೆ ಎಚ್ಚರ: ರೈಲು ಹತ್ತಬಹುದು, ಆದರೆ ಯಾರಾದರೂ ರದ್ದುಮಾಡಿ ಬರ್ತು ಖಾಲಿಯಾಗುವವರೆಗೆ ಪಕ್ಕದ ಕೆಳ ಬರ್ತನ್ನು ಇನ್ನೊಬ್ಬರೊಂದಿಗೆ ಹಂಚಿಕೊಂಡು ಕೂರಬೇಕಾಗುತ್ತದೆ. ಮೊದಲ ರಾತ್ರಿ ಪ್ರಯಾಣಕ್ಕೆ ಇದು ಬೇಡ. ಆನ್‌ಲೈನಿನಲ್ಲಿ ಪಡೆದ ಟಿಕೆಟ್ ಚಾರ್ಟ್ ತಯಾರಾದ ಮೇಲೂ ಪೂರ್ತಿ ವೇಟಿಂಗ್ ಆಗಿಯೇ ಉಳಿದರೆ ಅದು ತಾನಾಗಿ ರದ್ದಾಗುತ್ತದೆ, ಅದನ್ನು ಹಿಡಿದು ಹತ್ತುವಂತಿಲ್ಲ.

ಮಂಡಿನೋವಿಲ್ಲದವರಿಗೆ ನಾನು ಮೇಲಿನ ಬರ್ತನ್ನೇ ಸೂಚಿಸುತ್ತೇನೆ. ಅಲ್ಲಿ ಯಾರೂ ಅಂಚಿನಲ್ಲಿ ಬಂದು ಕೂರುವುದಿಲ್ಲ, ಬ್ಯಾಗನ್ನು ತಲೆಯ ಬಳಿ ಇಟ್ಟುಕೊಳ್ಳಬಹುದು. ರೈಲ್ವೆ ರಕ್ಷಣಾ ಪಡೆಯು 2020ರಿಂದ ‘ಮೇರಿ ಸಹೇಲಿ’ ಎಂಬ ಕಾರ್ಯಕ್ರಮ ನಡೆಸುತ್ತಿದ್ದು, ಅದರಲ್ಲಿ ಮಹಿಳಾ ಸಿಬ್ಬಂದಿ ಒಂಟಿಯಾಗಿ ಹೊರಟ ಮಹಿಳೆಯರನ್ನು ರೈಲು ಹೊರಡುವ ನಿಲ್ದಾಣದಲ್ಲೇ ಮಾತಾಡಿಸಿ, ಸೀಟಿನ ವಿವರ ಬರೆದುಕೊಂಡು ದಾರಿಯ ಸಿಬ್ಬಂದಿಗೆ ತಿಳಿಸುತ್ತಾರೆ. ಸಮವಸ್ತ್ರದವರು ಬಂದು ಹೆಸರು, ಕೋಚ್ ಕೇಳಿದರೆ ಗಾಬರಿಯಾಗಬೇಡಿ. ಇನ್ನೊಂದು ವಿಷಯ ತಿಳಿದಿರಲಿ: 1989ರ ರೈಲ್ವೆ ಕಾಯ್ದೆಯ 139ನೆಯ ಕಲಮಿನ ಪ್ರಕಾರ, ಟಿಕೆಟ್ಟಿನ ತೊಂದರೆಯಾಗಿದ್ದರೂ ಗಂಡಸಿನ ಜೊತೆಯಿಲ್ಲದ ಮಹಿಳೆಯನ್ನು ಆಕೆ ಪ್ರಯಾಣ ಶುರು ಮಾಡಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದ ನಿಲ್ದಾಣದಲ್ಲಿ, ಅದೂ ಹಗಲಿನಲ್ಲಿ ಮಾತ್ರ ಇಳಿಸಬಹುದು.

ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರ್, ಬಸ್ಸುಗಳು ಬೇಕಾದಷ್ಟಿವೆ. ಉಳಿಯಲು ಹೊಸಪೇಟೆ ಅಥವಾ ಕಮಲಾಪುರ ಒಳ್ಳೆಯದು. ಮಾತಂಗ ಪರ್ವತದ ಸೂರ್ಯೋದಯ ಬಹಳ ಹೆಸರಾದದ್ದೇ, ಆದರೂ ಕತ್ತಲಿನಲ್ಲಿ ಒಬ್ಬರೇ ಹತ್ತಬೇಡಿ. ಇತರರ ಗುಂಪು ಸಿಕ್ಕಿದರೆ ಮಾತ್ರ ಹೋಗಿ. ಹಾಳುಮಂಟಪಗಳ ಒಳಗೆ, ಬಂಡೆಗಳ ಸಂದಿಯಲ್ಲಿ ಜನ ಕಾಣದಾದ ಕೂಡಲೇ ಹಿಂದಿರುಗಿ. ಏಪ್ರಿಲ್, ಮೇ ತಿಂಗಳ ಬಿಸಿಲು ಅಲ್ಲಿ ಮೈಸೂರಿನವರಿಗೆ ತಡೆಯುವಂಥದ್ದಲ್ಲ, ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿಬನ್ನಿ.

6. ಜನರ ಪ್ರಶ್ನೆಗಳು

“ಒಬ್ಬರೇ ಬಂದಿದ್ದೀರಾ? ಯಜಮಾನರು ಬರಲಿಲ್ವಾ?” ಈ ಪ್ರಶ್ನೆ ಬಸ್ಸಿನಲ್ಲಿ, ಗುಡಿಯ ಜಗಲಿಯಲ್ಲಿ, ಆಟೊದಲ್ಲಿ ಬಂದೇ ಬರುತ್ತದೆ. ಕೇಳುವವರು ಪಕ್ಕದ ಸೀಟಿನ ಅಜ್ಜಿಯೋ ಹೂ ಮಾರುವ ಅಕ್ಕನೋ ಆಗಿದ್ದರೆ ನಿಜವನ್ನೇ ಹೇಳಿ. ಎಷ್ಟೋ ಸಲ ಆ ಮಾತೇ ದಿನದ ಒಳ್ಳೆಯ ಭಾಗವಾಗುತ್ತದೆ. ತಮಗೂ ಹೀಗೆ ಹೋಗುವ ಆಸೆಯಿತ್ತೆಂದು ಹೇಳಿಕೊಳ್ಳುವವರು ಕಡಿಮೆಯಿಲ್ಲ. ಕೇಳಿದವರ ಧಾಟಿ ಹಿಡಿಸದಿದ್ದರೆ, “ಇಲ್ಲೇ ನಮ್ಮ ಚಿಕ್ಕಮ್ಮನ ಮನೆಯಿದೆ, ಕಾಯ್ತಿದ್ದಾರೆ” ಎಂದು ಹೇಳಿ ಮುಗಿಸಿ. ಅಪರಿಚಿತರಿಗೆ ನಿಜ ಹೇಳಲೇಬೇಕೆಂಬ ಋಣ ನಿಮಗಿಲ್ಲ. ಲಾಡ್ಜಿನ ಹೆಸರು, ಕೋಣೆಯ ನಂಬರು, ಯಾವಾಗ ಹೊರಡುವಿರೆಂಬುದನ್ನು ಮಾತ್ರ ಯಾರಿಗೂ ಹೇಳಬೇಡಿ, ಫೋಟೊಗಳನ್ನು ಆ ಜಾಗ ಬಿಟ್ಟ ಮೇಲೆ ಹಾಕಿ.

ನಯವಾಗಿ ಬೇಡವೆನ್ನುವುದನ್ನು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ, ನಯವಿಲ್ಲದೆ ಬೇಡವೆನ್ನುವುದನ್ನು ಕಲಿತಿಲ್ಲ. ಬಸ್ಸಿನಲ್ಲಿ ಮೈಗೆ ತಾಗಿ ಕೂರುವವನಿಗೆ “ಸರಿದು ಕೂರಿ” ಎಂದು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿ, ಒಮ್ಮೆಗೇ ಸರಿಯದಿದ್ದರೆ ಕಂಡಕ್ಟರನ್ನು ಕರೆಯಿರಿ. ಈ ಒಂದು ವಾಕ್ಯವನ್ನು ಹೊರಡುವ ಮೊದಲು ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ ಎಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ. ಬೇಕಾದ ಕ್ಷಣದಲ್ಲಿ ಗಂಟಲು ಕಟ್ಟುವುದು ಅಭ್ಯಾಸವಿಲ್ಲದ್ದರಿಂದಲೇ.

7. ತೊಂದರೆಯಾದರೆ

ಯಾವುದೇ ತುರ್ತಿಗೆ 112, ಮಹಿಳಾ ಸಹಾಯವಾಣಿ 181, ರೈಲಿನಲ್ಲಿ ಅಥವಾ ರೈಲು ನಿಲ್ದಾಣದಲ್ಲಿ 139, ಹಣದ ಆನ್‌ಲೈನ್ ವಂಚನೆಗೆ 1930. ಫೋನಿನ ತುರ್ತು ಗುಂಡಿಯನ್ನು ಮನೆಯಲ್ಲೇ ಹೊಂದಿಸಿ, ಹೇಗೆ ಒತ್ತಬೇಕೆಂದು ತಿಳಿದುಕೊಂಡಿರಿ. ಕರೆ ಮಾಡಿದಾಗ ಮೊದಲು ಜಾಗ ಹೇಳಿ, ಆಮೇಲೆ ಏನಾಯಿತೆಂದು ಹೇಳಿ. ನಡುವೆ ಕರೆ ಕಡಿದರೂ ಎಲ್ಲಿಗೆ ಬರಬೇಕೆಂದು ಅವರಿಗೆ ತಿಳಿದಿರುತ್ತದೆ.

ದೂರು ಕೊಡಲು ಹೋದಾಗ “ಇದು ನಮ್ಮ ಠಾಣೆ ವ್ಯಾಪ್ತಿಗೆ ಬರುವುದಿಲ್ಲ” ಎಂಬ ಮಾತು ಕೇಳಿಬಂದರೆ ಮರಳಬೇಡಿ. ಜೀರೊ ಎಫ್‌ಐಆರ್ ಎಂದರೆ ಅಪರಾಧ ಎಲ್ಲೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದಾಖಲಿಸಬಹುದಾದ ದೂರು. ಆ ಠಾಣೆಯವರು ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಲ್ಲಿ ಇದಕ್ಕೆ ಅವಕಾಶವಿದೆ. ಆ ಕಲಮಿನ ಸಂಖ್ಯೆಯನ್ನೂ ಫೋನ್ ನಂಬರುಗಳ ಕಾಗದದಲ್ಲೇ ಬರೆದಿಟ್ಟುಕೊಳ್ಳಿ.

8. ಬಂದ ಮೇಲೆ ಲೆಕ್ಕ

ಮರಳಿದ ದಿನವೇ ಒಂದು ನೋಟ್‌ಪುಸ್ತಕದಲ್ಲಿ ಖರ್ಚು, ಬಸ್ಸುಗಳ ಹೊತ್ತು, ಕೋಣೆಯ ವಿವರ, ಶೌಚಾಲಯ ಎಲ್ಲಿ ಚೆನ್ನಾಗಿತ್ತು, ಬ್ಯಾಗಿನಲ್ಲಿ ಯಾವುದು ಮುಟ್ಟದೆ ಉಳಿಯಿತು ಎಂಬುದನ್ನು ಬರೆಯಿರಿ. ಎಲ್ಲಿ ಭಯವಾಯಿತು ಎಂಬುದನ್ನೂ ಬರೆದು, ಅದಕ್ಕೆ ಕಾರಣ ಕತ್ತಲೋ, ಜಾಗವೋ, ವ್ಯಕ್ತಿಯೋ, ಬರೀ ಹಸಿವು ಮತ್ತು ದಣಿವೋ ಎಂದು ಗುರುತಿಸಿ. ದಣಿದಾಗ ಎಲ್ಲ ಊರೂ ಅಪಾಯದ್ದೇ ಅನಿಸುತ್ತದೆ. ಅಂಥದ್ದಕ್ಕೆ ಮುಂದಿನ ಸಲ ಬೇಗ ಊಟ ಮಾಡುವುದೇ ಪರಿಹಾರ. ವ್ಯಕ್ತಿಯಿಂದಾದ ಭಯವಾಗಿದ್ದರೆ, ಯಾವ ಕ್ಷಣದಲ್ಲಿ ಎದ್ದು ಹೊರಟಿದ್ದರೆ ಸರಿಯಿತ್ತು ಎಂದು ನೆನಪಿಸಿಕೊಂಡು ಆ ಕ್ಷಣವನ್ನು ದಾಖಲಿಸಿ. ಈ ಪುಸ್ತಕವನ್ನು ಮನೆಯವರಿಗೂ ತೋರಿಸಿ, ಮುಂದಿನ ಸಲ ಹೊರಡುವಾಗ ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ. ಓರಗೆಯವಳೊಬ್ಬಳು ತಾನೂ ಹೊರಡುತ್ತೇನೆಂದರೆ ಪುಸ್ತಕವನ್ನೇ ಕೊಡಿ, ಬಸ್ಸಿನ ಹೊತ್ತುಗಳನ್ನು ಮಾತ್ರ ಹೊಸದಾಗಿ ವಿಚಾರಿಸಿಕೊಳ್ಳಲು ಹೇಳಿ.